ಮುಳ್ಳುತಂತಿ ಎಳೆಯುವ ಮೊದಲು



ಕಳೆದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಕೂತವನು ನಿಮ್ಮ ವಾರಿಗೆಯ ಒಬ್ಬ ಹುಡುಗ. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಇಲ್ಲೇ ಡೊಂಬಿವಲಿಯಲ್ಲಿ. ಕಂಪ್ಯೂಟರಿನ ಕೆಲಸ, ಕೈತುಂಬ ಸಂಬಳ. ಕನ್ನಡ ಚೆನ್ನಾಗಿಯೇ ಮಾತಾಡುತ್ತಾನೆ. ನಡುನಡುವೆ ಮರಾಠಿ ಇಣುಕಿ ಹೋಗುತ್ತದೆ, ಅಷ್ಟೆ. ಹೋಳಿಗೆ ಬಡಿಸುವ ಹೊತ್ತಿಗೆ ಕೇಳಿದ:

“ಆಂಟಿ, ನಿಮ್ಮದು ಸಾಗರದ ಕಡೆ ಅಲ್ವಾ? ನಮ್ಮ ಅಜ್ಜನ ಜಾಗ ಎರಡು ಎಕರೆ ಅಲ್ಲೇ ಹತ್ತಿರ ಇದೆಯಂತೆ. ಅಪ್ಪನಿಗೆ ಮಂಡಿನೋವು, ಓಡಾಡೋಕೆ ಆಗಲ್ಲ. ನೀನೇ ಹೋಗಿ ಸುತ್ತ ಮುಳ್ಳುತಂತಿ ಹಾಕಿಸಿ ಬಂದುಬಿಡು ಅಂತಾರೆ. ಶನಿವಾರ ಭಾನುವಾರ ಎರಡು ದಿನದಲ್ಲಿ ಆಗಿಬಿಡುತ್ತೆ ಅಲ್ವಾ?”

“ಆಗುತ್ತೆ ಮಗಾ, ನಮ್ಮದೂ ಮೂರೇ ದಿನದಲ್ಲಿ ಆಗಿತ್ತು” ಎಂದೆ. ಮುಂದಿನದನ್ನು ಹೇಳುವಷ್ಟರಲ್ಲಿ ಅವನನ್ನು ಗುಂಪು ಫೋಟೋಕ್ಕೆ ಕರೆದರು. ಎಲೆ ಮಡಚಿ ಓಡಿದವನು ಮತ್ತೆ ಸಿಗಲಿಲ್ಲ.

ಆ ಮುಂದಿನದನ್ನೇ ಈ ತಿಂಗಳು ಬರೆಯುತ್ತಿದ್ದೇನೆ. ಅವನೊಬ್ಬನಿಗಾಗಿ ಅಲ್ಲ. ನಿಮ್ಮಲ್ಲಿ ಎಷ್ಟೋ ಮಂದಿಯ ಮನೆಯ ಕಬ್ಬಿಣದ ಕಪಾಟಿನಲ್ಲಿ ಹಳೆಯ ಪಹಣಿಯ ಕಾಗದವೊಂದು ಮಡಚಿ ಬಿದ್ದಿದೆ. ಅದರಲ್ಲಿ ಬರೆದ ಸರ್ವೆ ನಂಬರಿನ ಜಾಗವನ್ನು ನೀವು ಬೇಸಿಗೆ ರಜೆಯಲ್ಲಿ ಒಂದೆರಡು ಸಲ ನೋಡಿರಬಹುದು, ನೋಡದೆಯೂ ಇರಬಹುದು. ಅಪ್ಪ ಅಮ್ಮನಿಗೆ ವಯಸ್ಸಾಗುತ್ತಿದ್ದಂತೆ ಆ ಕಾಗದ ನಿಮ್ಮ ಕೈಗೆ ಬರುತ್ತದೆ. ಆಗ ಎಲ್ಲರೂ ಕೊಡುವ ಮೊದಲ ಸಲಹೆ ಒಂದೇ: “ಮೊದಲು ಬೇಲಿ ಹಾಕಿಸಿ.”

ಮುಳ್ಳುತಂತಿ ಎಂದರೆ ನಿಮ್ಮ ಕಣ್ಣಿಗೆ ಬರುವುದು ನಮ್ಮ ಸೊಸೈಟಿಗಳ ಕಾಂಪೌಂಡ್ ಗೋಡೆಯ ಮೇಲಿನ ಸುರುಳಿ. ಅದು ಬೇರೆ ಜಾತಿ. ಬ್ಲೇಡಿನಂಥ ಚಪ್ಪಟೆ ಅಲಗುಗಳಿರುವ ಆ ಸುರುಳಿಗೆ ಕನ್ಸರ್ಟಿನಾ ಎಂದು ಹೆಸರು. ಮನುಷ್ಯರನ್ನು ಕತ್ತರಿಸಲೆಂದೇ ಮಾಡಿದ್ದು. ಸಂಕ್ರಾಂತಿ ಬಂತೆಂದರೆ ಗಾಳಿಪಟದ ಮಾಂಜಾ ಅದಕ್ಕೆ ಸಿಕ್ಕಿ, ಮಾಂಜಾಕ್ಕೆ ಪಾರಿವಾಳ ಸಿಕ್ಕಿ ಒದ್ದಾಡುವುದನ್ನು ಅಡುಗೆಮನೆ ಕಿಟಕಿಯಿಂದ ನೋಡಿದ್ದೇನೆ. ಅದನ್ನು ಎಂದೂ ದನ ಓಡಾಡುವ ಕಡೆ ಹಾಕಬಾರದು. ಊರಿನ ಬೇಲಿಗೆ ಹಾಕುವುದು ಎರಡು ಎಳೆ ಹೊಸೆದು ನಡುನಡುವೆ ಮುಳ್ಳು ಸುತ್ತಿದ ಸಾದಾ ತಂತಿ.

ಈ ಸಾದಾ ತಂತಿಯ ಹುಟ್ಟಿನ ಕಥೆ ನನಗೆ ಬಹಳ ಇಷ್ಟ, ಏಕೆಂದರೆ ಅದು ಅಡುಗೆಮನೆಗೆ ಸಂಬಂಧಪಟ್ಟಿದ್ದು! ಅಮೆರಿಕದ ಇಲಿನಾಯ್ ಪ್ರಾಂತದ ಡೆಕಾಲ್ಬ್ ಎಂಬ ಊರಿನಲ್ಲಿ ಜೋಸೆಫ್ ಗ್ಲಿಡ್ಡನ್ ಎಂಬ ರೈತನಿದ್ದ. ಅಲ್ಲಿಯದು ಮರವಿಲ್ಲದ, ಕಲ್ಲಿಲ್ಲದ ಹುಲ್ಲಿನ ಬಯಲು. ಬೇಲಿ ಕಟ್ಟಲು ಏನೂ ಸಿಗದು. ಮುಳ್ಳಿನ ತಂತಿಗೆ 1867, 1868ರಲ್ಲೇ ಬೇರೆಯವರು ಪೇಟೆಂಟ್ ಪಡೆದಿದ್ದರು. 1873ರಲ್ಲಿ ಊರ ಜಾತ್ರೆಯಂಥ ಕೃಷಿ ಮೇಳದಲ್ಲಿ ಒಬ್ಬಾತ ಮೊಳೆ ಹೊಡೆದ ಮರದ ಪಟ್ಟಿಯನ್ನು ತಂತಿಗೆ ನೇತುಹಾಕಿ ಪ್ರದರ್ಶನಕ್ಕಿಟ್ಟಿದ್ದ. ಅದನ್ನು ನೋಡಿ ಬಂದ ಗ್ಲಿಡ್ಡನ್, ಹೆಂಡತಿಯ ಕಾಫಿಬೀಜ ಪುಡಿಮಾಡುವ ಗಿರಣಿಯನ್ನೇ ಮಾರ್ಪಡಿಸಿ ತಂತಿಯ ತುಂಡುಗಳನ್ನು ಮುಳ್ಳಿನ ಆಕಾರಕ್ಕೆ ಬಗ್ಗಿಸಿದನಂತೆ. ಮುಳ್ಳು ಜಾರದ ಹಾಗೆ ಪಕ್ಕಕ್ಕೆ ಇನ್ನೊಂದು ತಂತಿ ಇಟ್ಟು ಎರಡನ್ನೂ ಹೊಸೆದ. ಅವನ ಜಾಣತನವೆಲ್ಲ ಇದ್ದದ್ದು ಆ ಎರಡನೆಯ ಎಳೆಯಲ್ಲಿ. 1874ರ ನವೆಂಬರ್ 24ರಂದು ಪೇಟೆಂಟ್ ಸಿಕ್ಕಿತು. ಇಂದಿಗೂ ಸಾಗರದ ಪೇಟೆಯಲ್ಲಿ ನೀವು ಕೊಳ್ಳುವ ತಂತಿಯ ಹೊಸೆತ ಹೆಚ್ಚುಕಡಿಮೆ ಅದೇ. ಆ ಕಾಫಿ ಗಿರಣಿ ಕೊನೆಗೆ ಹೆಂಡತಿಯ ಕೈಗೆ ವಾಪಸು ಬಂತೋ ಇಲ್ಲವೋ, ಗಂಡಸರು ಬರೆದ ಚರಿತ್ರೆಯಲ್ಲಿ ನಾನಂತೂ ಓದಿಲ್ಲ.

ಮುಂದೆ ಅದು ಹಬ್ಬಿದ ವೇಗ ನೋಡಿ. 1874ರಲ್ಲಿ ಆ ದೇಶದಲ್ಲಿ ತಯಾರಾದದ್ದು ಸುಮಾರು 10,000 ಪೌಂಡು ಮುಳ್ಳುತಂತಿ. 1880ರ ಹೊತ್ತಿಗೆ ವರ್ಷಕ್ಕೆ 8 ಕೋಟಿ ಪೌಂಡು ಮೀರಿತ್ತು. ಅದಕ್ಕೂ ಮೊದಲು ಟೆಕ್ಸಾಸಿನಲ್ಲಿ ದನ ಬಯಲಲ್ಲಿ ಮೇಯುವುದು, ಬೆಳೆ ಬೆಳೆಯುವವನು ತನ್ನ ಬೆಳೆಗೆ ತಾನೇ ಬೇಲಿ ಹಾಕಿಕೊಳ್ಳುವುದು ಪದ್ಧತಿ. ಥೇಟು ನಮ್ಮ ಮಲೆನಾಡಿನ ಹಾಗೆ! ಅಗ್ಗದ ತಂತಿ ಬಂದದ್ದೇ ತಡ, ಹಣವಿದ್ದವರು ಸಾವಿರಾರು ಎಕರೆಗೆ ಬೇಲಿ ಎಳೆದರು. ಎಳೆಯುವ ಭರದಲ್ಲಿ ಊರ ದಾರಿ, ನೀರಿನ ಕೊಳ, ಶಾಲೆಗೆ ಹೋಗುವ ಹಾದಿ ಎಲ್ಲ ಒಳಗೆ ಸೇರಿಹೋದವು. ಸಿಟ್ಟಾದ ಜನ ರಾತ್ರಿ ಇಕ್ಕಳ ಹಿಡಿದು ಹೊರಟರು. 1883ರಲ್ಲಿ ಆದ ಆ ಬೇಲಿ ಕತ್ತರಿಸುವ ಜಗಳಗಳಲ್ಲಿ ಹೆಣಗಳೂ ಬಿದ್ದವು. 1884ರಲ್ಲಿ ಸರಕಾರ ಕಾನೂನು ಮಾಡಿತು: ಬೇಲಿ ಕತ್ತರಿಸಿದವನಿಗೆ ಜೈಲು. ಜೊತೆಗೆ ಸಾರ್ವಜನಿಕ ದಾರಿಗೆ ಅಡ್ಡ ಬೇಲಿ ಹಾಕಿದವನು ಮೂರು ಮೈಲಿಗೊಂದು ಗೇಟು ಇಡಬೇಕು, ಅದನ್ನು ದುರಸ್ತಿಯಲ್ಲಿಯೂ ಇಟ್ಟುಕೊಳ್ಳಬೇಕು. ಈ ಗೇಟಿನ ಮಾತನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಸಂಗತಿ. 1885–86ರ ಚಳಿಗಾಲದಲ್ಲಿ ಅದೇ ಟೆಕ್ಸಾಸಿನ ಉತ್ತರ ಭಾಗದಲ್ಲಿ ಹಿಮಗಾಳಿ ಬೀಸಿತು. ಗಾಳಿ ಬೀಸಿದರೆ ದನಗಳು ಅದಕ್ಕೆ ಬೆನ್ನು ಕೊಟ್ಟು ದಕ್ಷಿಣಕ್ಕೆ ನಡೆಯುತ್ತವೆ, ತಗ್ಗು ಜಾಗ ಸೇರಿಕೊಂಡು ಬದುಕುತ್ತವೆ. ಆ ಸಲ ಅಡ್ಡಲಾಗಿ ಉದ್ದಾನುದ್ದ ತಂತಿ ಬೇಲಿ ಇತ್ತು. ದನಗಳು ಬೇಲಿಯ ಹತ್ತಿರ ಬಂದು ನಿಂತವು, ಹಿಂದಿನವು ಬಂದು ಮುಂದಿನವನ್ನು ಒತ್ತಿದವು, ನಿಂತಲ್ಲೇ ರಾಶಿರಾಶಿಯಾಗಿ ಸತ್ತವು. ಬಿ.ಎ. ಇಂಗ್ಲಿಷ್ ಓದುವಾಗ ಕೌಬಾಯ್ ಕಾದಂಬರಿಗಳನ್ನು ಕದ್ದು ಓದಿದವಳು ನಾನು. ಇದೊಂದೂ ಆಗ ಕಣ್ಣಿಗೆ ಬಿದ್ದಿರಲಿಲ್ಲ.

ಇರಲಿ, ನಮ್ಮ ಕಥೆಗೆ ಬರುತ್ತೇನೆ.

ನಮ್ಮ ಮಾವನವರು ತೀರಿಕೊಂಡ ಮೇಲೆ ಪಾಲಾಗಿ ನಮ್ಮವರ ಹಿಸ್ಸೆಗೆ ಒಂದು ಎಕರೆಯಷ್ಟು ಜಾಗ ಬಂತು. ಸ್ವಲ್ಪ ಅಡಿಕೆ ತೋಟ, ಉಳಿದದ್ದು ಖುಷ್ಕಿ. ಭಾವನವರು ಪಕ್ಕದಲ್ಲೇ ಇದ್ದರು, ನೋಡಿಕೊಳ್ಳುತ್ತಿದ್ದರು. ಅಲ್ಲಿಯವರೆಗೆ ಅಲ್ಲಿದ್ದದ್ದು ಹಳೆಯ ಕಾಲದ ಬೇಲಿ. ಕೆಳಗೆ ಅಗಳ, ಅಗಳದ ಮಣ್ಣನ್ನೇ ಏರಿಸಿದ ಧರೆ, ಧರೆಯ ಮೇಲೆ ದಾಸವಾಳ, ಹಾಲವಾಣದ ಗೂಟ, ಕತ್ತಾಳೆ. ಸಂದಿಗಳಲ್ಲಿ ವರ್ಷಕ್ಕೊಮ್ಮೆ ಕಡಿದು ತಂದು ತುರುಕುವ ಮುಳ್ಳು. ದಾರಿ ಇರುವಲ್ಲಿ ಉಣುಗೋಲು. ಉಣುಗೋಲು ಎಂದರೆ ಏನೆಂದು ನಿಮ್ಮಲ್ಲಿ ಯಾರಿಗೂ ಗೊತ್ತಿರಲಾರದು. ಎರಡು ಕಂಬಗಳಿಗೆ ತೂತು ಕೊರೆದು ಅಡ್ಡಲಾಗಿ ಬಿದಿರಿನ ಗಳ ತೂರಿಸಿರುತ್ತಾರೆ. ಗಳ ಸರಿಸಿ ಮನುಷ್ಯ ದಾಟಬಹುದು, ದನ ಹೊಡೆದುಕೊಂಡೂ ಹೋಗಬಹುದು. ದಾಟಿದ ಮೇಲೆ ಗಳವನ್ನು ಮತ್ತೆ ಸೇರಿಸಿ ಹೋಗುವುದು ದಾಟಿದವರ ಜವಾಬ್ದಾರಿ. ನಾನು ಮದುವೆಯಾಗಿ ಹೋದ ಹೊಸದರಲ್ಲಿ ಗಳ ಸೇರಿಸದೆ ಬಂದು, ಅತ್ತೆಯಿಂದ ಬೈಸಿಕೊಂಡದ್ದು ಇನ್ನೂ ನೆನಪಿದೆ. ಅಂದು ನಾಲ್ಕು ದನ ನುಗ್ಗಿ ಬಸಳೆ ಚಪ್ಪರ ಖಾಲಿ ಮಾಡಿದ್ದವು.

2009ರ ಹೊತ್ತಿಗೆ ಆ ಬೇಲಿ ಅಲ್ಲಲ್ಲಿ ಬಿದ್ದುಹೋಗಿತ್ತು. ಪ್ರತಿವರ್ಷ ಬೇಲಿ ಕಟ್ಟಲು ಆಳು ಸಿಗುತ್ತಿರಲಿಲ್ಲ. ಇತ್ತ ಮುಂಬಯಿಯಲ್ಲಿ ಯಾರೋ ಸ್ನೇಹಿತರು ನಮ್ಮವರ ಕಿವಿಯಲ್ಲಿ ಊದಿದರು: “ಊರಲ್ಲಿ ಇಲ್ಲದವರ ಜಾಗ ವರ್ಷಕ್ಕೊಂದಡಿ ಕರಗುತ್ತದೆ ಕಣ್ರೀ.” ನಮ್ಮವರಿಗೆ ನಿದ್ದೆ ಬರಲಿಲ್ಲ. ಮೇ ತಿಂಗಳ ರಜೆಗೆ ಹೋದವರು ಸಿಮೆಂಟ್ ಕಂಬ, ತಂತಿ ತರಿಸಿ, ಆಳು ಹಿಡಿದು ಮೂರೇ ದಿನದಲ್ಲಿ ಸುತ್ತ ಐದು ಎಳೆ ಎಳೆಸಿಯೇಬಿಟ್ಟರು. ನಲವತ್ತು ಸಾವಿರ ಚಿಲ್ಲರೆ ಖರ್ಚಾಯಿತು. ಭಾವ ಒಂದು ಮಾತು ಹೇಳಿದ್ದರು: “ಕೆಳಮನೆಯವರ ದಾರಿಗೆ ಏನು ಮಾಡ್ತೀಯ?” ನಮ್ಮವರು, “ಸುತ್ತಿಕೊಂಡು ಹೋದರೆ ಹತ್ತು ನಿಮಿಷ ಹೆಚ್ಚು, ಅಷ್ಟೇ ತಾನೆ ಅಣ್ಣಯ್ಯ?” ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ, ಹೊಸ ತಂತಿ ಬಿಸಿಲಿಗೆ ಫಳಫಳ ಹೊಳೆಯುವುದನ್ನು ನೋಡಿ ನನಗೂ ಒಳಗೊಳಗೇ ಖುಷಿಯಾಗಿತ್ತು. ಇಡೀ ಜೀವಮಾನ ಒಂದು ಕೋಣೆ ಅಡುಗೆಮನೆಯಲ್ಲಿ ಕಳೆದವರಿಗೆ ‘ಇಲ್ಲಿಂದ ಅಲ್ಲಿಯವರೆಗೆ ನಮ್ಮದು’ ಎನ್ನುವುದರ ರುಚಿ ಬೇರೆಯೇ.

ಕೆಳಮನೆಯಲ್ಲಿದ್ದವರು ದೂರದ ಸಂಬಂಧದ ಚಿಕ್ಕಮ್ಮ. ಗಂಡ ಇಲ್ಲ, ಮಗ ಬೆಂಗಳೂರು ಸೇರಿದ್ದ. ಅವರ ಜೊತೆಗಿದ್ದದ್ದು ಗಂಗೆ ಎಂಬ ಮಲೆನಾಡು ಗಿಡ್ಡ ಹಸು. ನೋಡಲು ಕುಳ್ಳು, ಆದರೆ ಈ ಜಾತಿಯ ದನ ಗುಡ್ಡ ಹತ್ತುವುದೇನು, ಬೇಲಿ ಹಾರುವುದೇನು, ಕೇಳಬೇಡಿ. ಬೆಳಿಗ್ಗೆ ಬಿಟ್ಟರೆ ಸಂಜೆ ತಾನಾಗಿ ಮನೆಗೆ ಬರುತ್ತಿತ್ತು, ನಮ್ಮ ಜಾಗದ ಕಾಲುದಾರಿಯಿಂದಲೇ. ಆ ಜೂನಿನಲ್ಲಿ ಅದು ಕರು ಹಾಕಿತ್ತು. ಜುಲೈ ತಿಂಗಳ ಒಂದು ಸಂಜೆ ಮಳೆ, ಮಬ್ಬು. ಕರು ಕೊಟ್ಟಿಗೆಯಲ್ಲಿ ಕೂಗಿರಬೇಕು. ಗಂಗೆ ವರ್ಷಗಟ್ಟಲೆ ನಡೆದ ಅದೇ ದಾರಿಯಲ್ಲಿ ಓಡಿಬಂತು.

ಭಾವ ಫೋನಿನಲ್ಲಿ ಹೆಚ್ಚು ಹೇಳಲಿಲ್ಲ. “ಕೆಚ್ಚಲು ಹರಿದಿದೆ, ಡಾಕ್ಟರು ಹೊಲಿಗೆ ಹಾಕಿ ಹೋದರು” ಎಂದರಷ್ಟೆ. ಮೊಲೆತೊಟ್ಟಿನ ಗಾಯ ಸುಲಭವಾಗಿ ಕೂಡುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಹಾಲು ಸೋರುತ್ತಲೇ ಇರುತ್ತದೆ, ಗಾಯ ಹಸಿಯಾಗಿಯೇ ಉಳಿಯುತ್ತದೆ, ಕೆಚ್ಚಲುಬಾವು ಹಿಡಿಯುತ್ತದೆ. ಗಂಗೆಗೂ ಹಿಡಿಯಿತು. ಬದುಕಿತು; ಒಂದು ತೊಟ್ಟು ಬತ್ತಿಹೋಯಿತು.

ಆ ವರ್ಷ ದೀಪಾವಳಿಗೆ ಊರಿಗೆ ಹೋದೆವು. ಮಲೆನಾಡಿನ ದೀಪಾವಳಿ ಎಂದರೆ ದನಗಳ ಹಬ್ಬ. ಮೈತೊಳೆದು, ಅಡಿಕೆ, ಪಚ್ಚೆತೆನೆಯ ಸರ ಕಟ್ಟಿ, ಪೂಜೆ ಮಾಡಿ, ದೋಸೆ ಕಡುಬು ತಿನ್ನಿಸಿ ಮೇಯಲು ಬಿಡುತ್ತಾರೆ. ನಾನು ಧೈರ್ಯ ಮಾಡಿ ಕೆಳಮನೆಗೆ ಹೋದೆ, ಸುತ್ತು ದಾರಿಯಿಂದಲೇ. ಮೊಬೈಲಿನಲ್ಲಿ ಹೊತ್ತು ನೋಡಿದೆ: ಹತ್ತು ನಿಮಿಷವಲ್ಲ, ಇಪ್ಪತ್ತೆರಡು ನಿಮಿಷ. ಚಿಕ್ಕಮ್ಮ ಗಂಗೆಯ ಕೊರಳಿಗೆ ಸರ ಕಟ್ಟುತ್ತಿದ್ದರು. ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು: “ನಿಮ್ಮ ಜಾಗ, ನೀವು ಬೇಲಿ ಹಾಕ್ಕಂಡ್ರಿ. ಅದ್ರಲ್ಲಿ ತಪ್ಪೇನು ಬಂತು ಮಾರಾಯ್ತಿ? ದನಕ್ಕೆ ಹೇಳೋರು ಯಾರು, ಅಷ್ಟೇ.” ಕುಂಕುಮ ಕೊಟ್ಟರು, ಕಾಫಿ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಇಲ್ಲಿಗೆ ಮುಗಿಯಲಿಲ್ಲ. 2011ರಲ್ಲಿ ಬೇರೇನೋ ಕೆಲಸಕ್ಕೆ ಜಾಗದ ಅಳತೆ ಆಗಬೇಕಾಯಿತು. ಸರ್ವೆಯವರು ಬಂದು ಸರಪಳಿ ಎಳೆದು, ಹಳೆಯ ಬಾಂದುಕಲ್ಲು ಹುಡುಕಿ ನೋಡಿದರೆ, ಕೆಳಗಿನ ಬದಿಯಲ್ಲಿ ನಮ್ಮ ಬೇಲಿ ಚಿಕ್ಕಮ್ಮನ ಜಾಗದೊಳಗೆ ಮೂರಡಿ ಹೋಗಿತ್ತು! ಒಂದಡಿ ಕರಗುತ್ತದೆಂಬ ಹೆದರಿಕೆಯಲ್ಲಿ ನಾವೇ ಮೂರಡಿ ನುಂಗಿ ಕೂತಿದ್ದೆವು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆದು ಹತ್ತಕ್ಕೆ ಎಂಟು ಅಂಕ ಪಡೆದಿದ್ದೆ. ಅಂದು ನಮ್ಮವರ ಮುಖ ನೋಡಬೇಕಿತ್ತು. ಹನ್ನೊಂದು ಕಂಬ ಕಿತ್ತು ಹಿಂದಕ್ಕೆ ಹುಗಿಸಿದರು. ಕಾಲುದಾರಿ ಇದ್ದ ಜಾಗದಲ್ಲಿ ಐದೂ ಎಳೆ ಕತ್ತರಿಸಿಸಿ, ಎರಡು ಕಂಬ ನೆಡಿಸಿ ಉಣುಗೋಲು ಮಾಡಿಸಿದರು. ಚಿಕ್ಕಮ್ಮ ಮಾತ್ರ ಆಮೇಲೂ ಎರಡು ವರ್ಷ ಸುತ್ತು ದಾರಿಯಿಂದಲೇ ಓಡಾಡಿದರು. ಗಂಗೆ ಅಷ್ಟು ಹಟಮಾರಿಯಲ್ಲ. ಮೊದಲ ದಿನವೇ ಉಣುಗೋಲಿನ ಹತ್ತಿರ ಬಂದು ನಿಂತು ಕೂಗಿತಂತೆ.

ಈಗ ನಿಮ್ಮ ಕೆಲಸದ ಮಾತು. ಬೇಲಿ ಹಾಕಿಸಬೇಡಿ ಎನ್ನುತ್ತಿಲ್ಲ. ದೂರದಲ್ಲಿರುವವರಿಗೆ ಗಡಿ ಗೊತ್ತುಮಾಡಿಕೊಳ್ಳುವುದು ಅಗತ್ಯವೇ. ಆದರೆ ತಂತಿಗಿಂತ ಮೊದಲು ಅಳತೆ. ತಾಲೂಕಿನಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಡಿ. ಸರ್ವೆಯವರು ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು, ಅವರ ಎದುರಿಗೇ ಅಳೆದು ಗಡಿ ಗುರುತಿಸುತ್ತಾರೆ. ಆ ದಿನ ನೀವು ಖುದ್ದಾಗಿ ಅಲ್ಲಿರಿ, ಪಕ್ಕದವರನ್ನು ನೀವೇ ಮನೆಗೆ ಹೋಗಿ ಕರೆಯಿರಿ. ನೋಟಿಸು ಬಂದದ್ದಕ್ಕೂ ನೀವು ಹೋಗಿ ಕರೆದದ್ದಕ್ಕೂ ಹಳ್ಳಿಯಲ್ಲಿ ಬಹಳ ವ್ಯತ್ಯಾಸವಿದೆ.

ಕಾನೂನಿನ ಎರಡು ಮಾತು ತಿಳಿದಿರಲಿ. ನಾನು ವಕೀಲೆಯಲ್ಲ, ಆದರೆ ನಮ್ಮ ಪ್ರಸಂಗದ ನಂತರ ಕೇಳಿ ಓದಿ ತಿಳಿದುಕೊಂಡದ್ದು. ಖಾಸಗಿ ಜಾಗವನ್ನು ಬೇರೆಯವರು ಬಹಿರಂಗವಾಗಿ, ನಿಮ್ಮ ಹಕ್ಕಿಗೆ ವಿರುದ್ಧವಾಗಿ, ಎಡೆಬಿಡದೆ 12 ವರ್ಷ ವಶದಲ್ಲಿ ಇಟ್ಟುಕೊಂಡರೆ, 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಅದನ್ನು ಬಿಡಿಸಿಕೊಳ್ಳುವ ನಿಮ್ಮ ಹಕ್ಕಿಗೇ ಕುತ್ತು. ಹಾಗೆಂದು ಪಕ್ಕದವರ ಹಸು ನಿಮ್ಮಲ್ಲಿ ಹುಲ್ಲು ಮೇಯ್ದ ಮಾತ್ರಕ್ಕೆ ಜಾಗ ಹೋಗುವುದಿಲ್ಲ. ಅಂಥ ವಶವನ್ನು ಸಾಬೀತು ಮಾಡುವ ಹೊರೆ ಅವರದು. ನಮ್ಮವರ ನಿದ್ದೆಗೆಡಿಸಿದವರಿಗೆ ಇದು ಗೊತ್ತಿರಲಿಲ್ಲ. ಎರಡನೆಯದು ಇದರ ತಿರುವುಮುರುವು. 1882ರ ಅನುಭೋಗದ ಹಕ್ಕುಗಳ ಕಾಯ್ದೆಯಂತೆ, ಒಬ್ಬರು ನಿಮ್ಮ ಜಾಗದ ದಾರಿಯನ್ನು ಹಕ್ಕೆಂಬಂತೆ, ಶಾಂತವಾಗಿ, ಎಲ್ಲರಿಗೂ ಕಾಣುವಂತೆ, ತಡೆಯಿಲ್ಲದೆ 20 ವರ್ಷ ಬಳಸಿದ್ದರೆ ಅದು ಅವರ ಹಕ್ಕಾಗುತ್ತದೆ. ನೀವು ಅಡ್ಡ ಹಾಕಿದರೆ ಎರಡು ವರ್ಷದೊಳಗೆ ಅವರು ಕೋರ್ಟಿಗೆ ಹೋಗಬಹುದು. ಚಿಕ್ಕಮ್ಮ ಮದುವೆಯಾಗಿ ಬಂದಂದಿನಿಂದ ಆ ದಾರಿಯಲ್ಲಿ ನಡೆದವರು. ಮನಸ್ಸು ಮಾಡಿದ್ದರೆ ನಮ್ಮನ್ನು ಕೋರ್ಟಿನ ಮೆಟ್ಟಿಲು ಹತ್ತಿಸಬಹುದಿತ್ತು.

ಲೆಕ್ಕ ಕೇಳುವವರಿಗೆ: ಒಂದು ಎಕರೆ ಎಂದರೆ 43,560 ಚದರಡಿ. ಜಾಗ ಚಚ್ಚೌಕವಾಗಿದ್ದರೆ ಸುತ್ತಳತೆ ಸುಮಾರು 835 ಅಡಿ. ಹತ್ತಡಿಗೊಂದು ಕಂಬವಾದರೆ 84 ಕಂಬ, ಐದು ಎಳೆಗೆ ಸುಮಾರು 1,270 ಮೀಟರು ತಂತಿ. ಊರಲ್ಲಿ ಜಾಗಗಳು ಚಚ್ಚೌಕವಾಗಿರುವುದೇ ಇಲ್ಲ, ಆದ್ದರಿಂದ ಇದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಅಂಗಡಿಯಲ್ಲಿ ತಂತಿಯನ್ನು ಗೇಜಿನ ಲೆಕ್ಕದಲ್ಲಿ ಕೇಳುತ್ತಾರೆ. 12 ಗೇಜು ದಪ್ಪ, 14 ತೆಳುವು. ಸಂಖ್ಯೆ ಹೆಚ್ಚಾದಷ್ಟೂ ತಂತಿ ಸಪೂರ. ತೂಕದ ಮೇಲೆ ಮಾರುವುದರಿಂದ ತೆಳು ತಂತಿ ಅಗ್ಗವಾಗಿ ಕಾಣುತ್ತದೆ. ಸತುವಿನ ಲೇಪ ಸರಿಯಿಲ್ಲದಿದ್ದರೆ ಮಲೆನಾಡಿನ ಮಳೆಗೆ ಬಹುಬೇಗ ತುಕ್ಕು. ಐ.ಎಸ್. 278 ಎಂಬ ಮಾನಕದ ಗುರುತು ಇದೆಯೇ ನೋಡಿ. ಏಳಡಿ ಕಂಬವಾದರೆ ಎರಡಡಿ ನೆಲದೊಳಗಿರಲಿ. ಮೂಲೆಯ ಕಂಬಗಳಿಗೆ ಓರೆಯಾಗಿ ಇನ್ನೊಂದು ಕಂಬದ ಆನಿಕೆ ಕೊಡಲೇಬೇಕು. ಇಡೀ ಬೇಲಿಯ ಬಿಗಿ ನಿಲ್ಲುವುದು ಮೂಲೆಗಳ ಮೇಲೆ. ದುಡ್ಡು ಉಳಿಸಲು ತಂತಿಯನ್ನು ಜೀವಂತ ಮರಕ್ಕೆ ಮೊಳೆ ಹೊಡೆದು ಬಿಗಿಯಬೇಡಿ. ಮರ ಬೆಳೆದು ತಂತಿಯನ್ನು ನುಂಗುತ್ತದೆ, ಮುಂದೊಂದು ದಿನ ಗರಗಸದವನ ಕಣ್ಣಿಗೆ ಅದು ಕಾಣುವುದಿಲ್ಲ.

ತಂತಿ ಎಳೆಯುವಾಗ ನೀವೂ ಕೈಹಾಕುವ ಉತ್ಸಾಹ ತೋರಿಸುತ್ತೀರಿ, ಫೋಟೋಕ್ಕಾದರೂ! ದಪ್ಪ ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ ಇಲ್ಲದೆ ಹತ್ತಿರ ಹೋಗಬೇಡಿ. ಬಿಗಿದ ತಂತಿ ಕಡಿದರೆ ಹಾವಿನ ಹಾಗೆ ಸುತ್ತಿ ಹೊಡೆಯುತ್ತದೆ. ಗೀರಿದರೆ ಅಸಡ್ಡೆ ಬೇಡ, ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿಕೊಳ್ಳಿ.

ದನಗಳ ವಿಷಯ. ಮುಳ್ಳುತಂತಿ ಕೆಲಸ ಮಾಡುವುದು ದನ ಎಮ್ಮೆಗಳ ದಪ್ಪ ಚರ್ಮದ ಮೇಲೆ. ಚುಚ್ಚಿದೊಡನೆ ಅವು ಹಿಂದೆ ಸರಿಯುತ್ತವೆ, ಮತ್ತೆ ಒರಗುವುದಿಲ್ಲ. ಕುದುರೆಗೆ ಅದು ಬಹಳ ಅಪಾಯ. ಬೆದರಿದ ಕುದುರೆ ಹಿಂದೆ ಸರಿಯದೆ ಇನ್ನಷ್ಟು ಎಳೆದಾಡಿ ಸೀಳಿಕೊಳ್ಳುತ್ತದೆ. ಆಡು ಕುರಿಗಳು ಸಂದಿಯಲ್ಲಿ ನುಸುಳುತ್ತವೆ. ಅವಕ್ಕೆ ಬಲೆಯಂಥ ಚೈನ್‌ಲಿಂಕ್ ಬೇಲಿಯೇ ಸರಿ. ಎಲ್ಲಕ್ಕಿಂತ ಮುಖ್ಯ, ಹೊಸ ತಂತಿ ಹಾಕಿದ ಮೊದಲ ಕೆಲವು ತಿಂಗಳು ಮಾರುದೂರಕ್ಕೊಂದು ಬಿಳಿ ಬಟ್ಟೆಯ ಚೂರು ಕಟ್ಟಿ. ಮಬ್ಬಿನಲ್ಲೂ ದನಕ್ಕೆ ಏನೋ ಅಲುಗಾಡುವುದು ಕಾಣಬೇಕು. ಹಳೆಯ ಪಂಚೆಯೊಂದನ್ನು ಹರಿದರೆ ಒಂದು ಎಕರೆಗೆ ಸಾಕು. ನಮ್ಮ ಮನೆಯಲ್ಲಿ ಮಾವನವರ ಪಂಚೆಗಳು ಪೆಟ್ಟಿಗೆ ತುಂಬ ಇದ್ದವು. ಸುತ್ತ ಕಾಡಿದ್ದರೆ ಎಲ್ಲಕ್ಕಿಂತ ಮೇಲಿನ ಮತ್ತು ಕೆಳಗಿನ ಎಳೆಗಳು ಮುಳ್ಳಿಲ್ಲದ ಬರಿ ತಂತಿಯಾಗಿರಲಿ, ಹಾರುವ ನುಸುಳುವ ಪ್ರಾಣಿಗಳ ಹೊಟ್ಟೆ ಬೆನ್ನು ಉಳಿಯುತ್ತವೆ.

ಇನ್ನು ಕರೆಂಟು. “ಕಾಡುಹಂದಿ ಬರುತ್ತೆ, ರಾತ್ರಿ ತಂತಿಗೆ ಲೈನ್ ಕೊಟ್ಟುಬಿಡೋಣ” ಎನ್ನುವವರು ಪ್ರತಿ ಊರಲ್ಲೂ ಒಬ್ಬರಿರುತ್ತಾರೆ. ಅವರ ಮಾತನ್ನು ಕೇಳಲೇಬೇಡಿ. ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸುವುದು ಅಪರಾಧ; ಆನೆ ಸತ್ತರೂ, ಬೆಳಗಿನ ಜಾವ ಸೊಪ್ಪಿಗೆ ಹೋದ ಹೆಂಗಸು ಸತ್ತರೂ ಜೈಲಿಗೆ ಹೋಗುವವರು ಜಾಗದ ಯಜಮಾನರೇ, ಅಂದರೆ ನೀವು. ಸೋಲಾರ್ ಬೇಲಿ ಬೇರೆ. ಅದರಲ್ಲಿ ಬ್ಯಾಟರಿಯಿಂದ ನಡೆಯುವ ಯಂತ್ರವೊಂದು ಸೆಕೆಂಡಿಗೊಮ್ಮೆಯಂತೆ, ಕಣ್ಣೆವೆ ಮುಚ್ಚುವುದಕ್ಕಿಂತ ಕಡಿಮೆ ಹೊತ್ತು ಮಿಡಿತ ಕಳಿಸುತ್ತದೆ. ಹೊಡೆತ ಜೋರು, ಆದರೆ ಜೀವ ತೆಗೆಯುವುದಿಲ್ಲ. ಅದಕ್ಕೆ ಬಳಸುವುದು ನಯವಾದ ತಂತಿ. ಮುಳ್ಳುತಂತಿಗೆ ಈ ಮಿಡಿತವನ್ನೂ ಕೊಡಬಾರದು, ಸಿಕ್ಕಿಕೊಂಡ ಪ್ರಾಣಿ ಬಿಡಿಸಿಕೊಳ್ಳಲಾಗದೆ ಮತ್ತೆ ಮತ್ತೆ ಹೊಡೆತ ತಿನ್ನುತ್ತದೆ. ಬಳ್ಳಿ ಹುಲ್ಲು ತಾಗದಂತೆ ದಿನಾ ನೋಡಿಕೊಳ್ಳುವವರೂ ಬೇಕು. ಮುಂಬಯಿಯಲ್ಲಿ ಕೂತು ಸೋಲಾರ್ ಬೇಲಿ ಸಾಕುವುದು ಆಗದ ಮಾತು. ಆನೆಗಳಂತೂ ಅದರ ಮೇಲೆ ಮರ ಕೆಡವಿ ದಾಟುವುದನ್ನು ಕಲಿತಿವೆ. ಅದಕ್ಕೇ ನಮ್ಮ ಅರಣ್ಯ ಇಲಾಖೆ ನಾಗರಹೊಳೆ, ಬಂಡೀಪುರಗಳ ಅಂಚಿನಲ್ಲಿ ಹಳೆಯ ರೈಲು ಹಳಿಗಳ ಬೇಲಿ ಹಾಕಿಸಿತು. 2018ರ ಡಿಸೆಂಬರಿನಲ್ಲಿ ನಾಗರಹೊಳೆಯಲ್ಲಿ ಆನೆಯೊಂದು ಆ ಹಳಿಯ ಮೇಲೇ ಹತ್ತಿ ದಾಟಲು ಹೋಗಿ, ಸಿಕ್ಕಿಕೊಂಡು ಸತ್ತ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ್ದೆ. ಆ ದಿನ ಅಡುಗೆ ಮಾಡಲು ಮನಸ್ಸಾಗಲಿಲ್ಲ.

ಹಸಿರು ಬೇಲಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಅತ್ತೆಯವರ ಆತ್ಮ ಒಪ್ಪದು. ಬ್ರಿಟಿಷರು ಉಪ್ಪಿನ ಕಳ್ಳಸಾಗಣೆ ತಡೆಯಲು ಸಿಂಧೂ ನದಿಯಿಂದ ಮಹಾನದಿಯವರೆಗೆ 2,300 ಮೈಲಿ ಉದ್ದದ ಸುಂಕದ ಗಡಿ ಮಾಡಿ, ಅದರ ಬಹುಭಾಗಕ್ಕೆ ಬೋರೆ, ಜಾಲಿ, ಕಳ್ಳಿ, ಮುಳ್ಳುಪೊದೆಗಳ ಬೇಲಿಯನ್ನೇ ಬೆಳೆಸಿದ್ದರು. ಕಾಂಗ್ರೆಸ್ ಸ್ಥಾಪಕರಲ್ಲಿ ಒಬ್ಬರೆಂದು ನೀವು ಪಾಠದಲ್ಲಿ ಓದಿದ ಎ. ಓ. ಹ್ಯೂಮ್ ಸಾಹೇಬರು ಕೆಲವು ವರ್ಷ ಅದರ ಮೇಲಧಿಕಾರಿ. ಬಡವರ ಉಪ್ಪಿಗೆ ಅಡ್ಡ ಹಾಕಿದ ಆ ಬೇಲಿಯನ್ನು 1879ರಲ್ಲಿ ಕೈಬಿಟ್ಟರು. ಈಗ ಹುಡುಕಿದರೂ ಗುರುತು ಸಿಗುವುದು ಕಷ್ಟ. ಮುಳ್ಳುಗಿಡವೂ ಕೆಟ್ಟ ಕೆಲಸಕ್ಕೆ ಒದಗುತ್ತದೆ ನೋಡಿ. ನಮ್ಮದು ಅಷ್ಟು ದೊಡ್ಡ ವಿಷಯವಲ್ಲ. ತಂತಿಯ ಒಳಬದಿಗೆ ಮೊದಲ ಮಳೆಯಲ್ಲಿ ಗ್ಲಿರಿಸೀಡಿಯಾ, ಅಂದರೆ ಊರಲ್ಲಿ ಗೊಬ್ಬರದ ಗಿಡ ಎನ್ನುತ್ತಾರಲ್ಲ, ಅದರ ಗೂಟ ಊರಿಸಿ. ತಾನಾಗಿ ಚಿಗುರುತ್ತದೆ, ಸೊಪ್ಪು ತೋಟಕ್ಕಾಗುತ್ತದೆ. ತಂತಿ ತುಕ್ಕು ಹಿಡಿಯುವ ಹೊತ್ತಿಗೆ ಗಿಡ ಬೇಲಿಯಾಗಿರುತ್ತದೆ. ನಮ್ಮ ಕೆಳಬದಿಯಲ್ಲಿ ಈಗ ಹಾಗೆಯೇ ಆಗಿದೆ, ತಂತಿ ಎಲ್ಲಿದೆ ಎಂದು ಹುಡುಕಬೇಕು.

ಗಂಗೆ ಈಗಿಲ್ಲ. ಅದರ ಮಗಳ ಮಗಳು ಕೆಳಮನೆಯಲ್ಲಿದೆ. ಚಿಕ್ಕಮ್ಮನಿಗೆ ಎಂಬತ್ತು ದಾಟಿದೆ, ಕೋಲೂರಿಕೊಂಡು ನಮ್ಮ ಕಡೆಯ ದಾರಿಯಿಂದಲೇ ಬರುತ್ತಾರೆ. ಗಳ ಸರಿಸಲು ಕೈಲಾಗದೆ ಅಲ್ಲಿಂದಲೇ ಕೂಗುತ್ತಾರೆ, ಭಾವನ ಸೊಸೆ ಹೋಗಿ ಸರಿಸುತ್ತಾಳೆ. ಮೊನ್ನೆ ಫೋನಿನಲ್ಲಿ ಭಾವ ಹೇಳಿದರು, ಮೇಲಿನ ಗಳಕ್ಕೆ ಗೆದ್ದಲು ಹಿಡಿದಿದೆಯಂತೆ. ಈ ಸಲ ಹೋದಾಗ ಒಂದು ಒಳ್ಳೆಯ ಬಿದಿರು ಕಡಿಸಿ ಬದಲಾಯಿಸಬೇಕು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗ ಇದನ್ನು ಓದುತ್ತಿದ್ದರೆ, ಸಂಘದ ಆಫೀಸಿನಲ್ಲಿ ನನ್ನ ಫೋನ್ ನಂಬರ್ ಇದೆ, ತೆಗೆದುಕೊಳ್ಳಲಿ. ಹೊರಡುವ ಮೊದಲು ಒಂದು ಸಲ ಮಾತಾಡಲಿ.